ಇಳುವರಿಯ ಲೆಕ್ಕಕ್ಕೆ ಬಾರದ ಕಸ

(ಶಿವಮೊಗ್ಗದಲ್ಲಿ ವಿಜ್ಞಾನ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸುತ್ತಮುತ್ತಲಿನ ಅಡಿಕೆ ಬೆಳೆಗಾರರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದಿದ್ದ ಸಮೀಕರಣಗಳನ್ನು ಇಲ್ಲಿ ಮಾತಿಗೆ ಇಳಿಸಿದ್ದೇನೆ.)

ಬಿ.ಎಸ್‌ಸಿ. ಪ್ರಯೋಗಾಲಯದಲ್ಲಿ ಆಸ್ಪಿರಿನ್ ತಯಾರಿಸಿದವರು ಇಲ್ಲಿ ಹಲವರಿದ್ದೀರಿ. 2 ಗ್ರಾಂ ಸ್ಯಾಲಿಸಿಲಿಕ್ ಆಮ್ಲಕ್ಕೆ 5 ಮಿಲಿ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ, ಒಂದೆರಡು ಹನಿ ಸಲ್ಫ್ಯೂರಿಕ್ ಆಮ್ಲ ಬಿಟ್ಟು, ಬಿಸಿ ಮಾಡಿ, ತಣ್ಣೀರಿಗೆ ಸುರಿದು ಸೋಸುತ್ತೀರಿ. ಸೋಸುಕಾಗದದ ಮೇಲೆ ಬಿಳಿ ಹರಳು ನಿಲ್ಲುತ್ತದೆ. ಒಣಗಿಸಿ ತೂಗಿದರೆ 2 ಗ್ರಾಂ ಸಿಕ್ಕಿತು ಎಂದುಕೊಳ್ಳಿ. ಲೆಕ್ಕದ ಪ್ರಕಾರ ಹೆಚ್ಚೆಂದರೆ 2.6 ಗ್ರಾಂ ಸಿಗಬೇಕಿತ್ತು. ಹಾಗಾಗಿ ಇಳುವರಿ ಶೇಕಡಾ 77. ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಪ್ರಯೋಗ ಮುಗಿಯಿತು.

ಈ 77ರಲ್ಲಿ ಸುಳ್ಳೇನೂ ಇಲ್ಲ. ಆದರೆ ಅದು ಉತ್ತರಿಸುವುದು ಒಂದೇ ಪ್ರಶ್ನೆಗೆ: ಹಾಕಿದ ಸ್ಯಾಲಿಸಿಲಿಕ್ ಆಮ್ಲದಲ್ಲಿ ಎಷ್ಟು ಪಾಲು ಆಸ್ಪಿರಿನ್ ಆಗಿ ಕೈಗೆ ಬಂತು? ಅನ್‌ಹೈಡ್ರೈಡ್ ಕಥೆ ಏನಾಯಿತು ಎಂದು ಅದು ಕೇಳುವುದೇ ಇಲ್ಲ. ಆ 5 ಮಿಲಿ ತೂಗಿದರೆ 5.4 ಗ್ರಾಂ. ಕ್ರಿಯೆಗೆ ಬೇಕಾದದ್ದಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಎರಡನ್ನೂ ಸೇರಿಸಿದರೆ ನೀವು ಒಳಗೆ ಹಾಕಿದ್ದು 7.4 ಗ್ರಾಂ, ಹೊರಗೆ ಬಂದ ಸರಕು 2 ಗ್ರಾಂ. ಈಗ ಅಂಕ ಶೇಕಡಾ 27ಕ್ಕೆ ಇಳಿಯಿತು. ಸಿಂಕಿಗೆ ಹೋದ ನೀರನ್ನು ಇನ್ನೂ ಮುಟ್ಟಿಲ್ಲ.

ಪ್ರಯೋಗ ಅದೇ, ಹರಳೂ ಅದೇ. ಬದಲಾದದ್ದು ಭಾಗಾಕಾರದ ಛೇದ ಮಾತ್ರ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ರಾಸಾಯನಿಕ ಕ್ರಿಯೆಯ ದಕ್ಷತೆಯ ಬಗ್ಗೆ ನಡೆಯುವ ಜಗಳವೆಲ್ಲ ಕೊನೆಗೆ ಛೇದದ ಜಗಳ. ಅಲ್ಲಿ ಏನನ್ನು ಸೇರಿಸುತ್ತೇವೆ, ಏನನ್ನು ಕಂಡೂ ಕಾಣದಂತೆ ಬಿಡುತ್ತೇವೆ ಎಂಬುದು ರಸಾಯನ ವಿಜ್ಞಾನ ತಾನಾಗಿ ತೀರ್ಮಾನಿಸಿ ಕೊಡುವ ವಿಷಯವಲ್ಲ.

ಮಲೆನಾಡಿನಲ್ಲಿ ನಿಂತು ಇದನ್ನು ವಿವರಿಸಲು ನನಗೆ ಬೋರ್ಡೋಗಿಂತ, ಅಂದರೆ ಮೈಲುತುತ್ತು ಮತ್ತು ಸುಣ್ಣ ಬೆರೆಸಿ ಮಾಡುವ ಸಿಂಪಡಣೆ ಔಷಧಿಗಿಂತ, ಒಳ್ಳೆಯ ಕ್ರಿಯೆ ಹೊಳೆಯಲಿಲ್ಲ. ಆಸ್ಪಿರಿನ್ನನ್ನು ವಿದ್ಯಾರ್ಥಿ ಒಮ್ಮೆ ಮಾಡಿ ಮರೆಯುತ್ತಾನೆ. ಬೋರ್ಡೋವನ್ನು ಇಲ್ಲಿನ ತೋಟದವರು ಪ್ರತಿ ಮಳೆಗಾಲವೂ ಪೀಪಾಯಿಗಟ್ಟಲೆ ಮಾಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಹಿಂದೆ ಇದ್ದ ಉಪಾಯ ಗೊನೆಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟುವುದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲಿ ವಿವರವಾಗಿ ಬರೆದರು. ಬೋರ್ಡೋ ಸಿಂಪಡಣೆ ನಮ್ಮ ತೋಟಗಳಿಗೆ ಬಂದದ್ದು ಅವರ ಕಾಲದಲ್ಲಿ. ಫ್ರಾನ್ಸಿನ ದ್ರಾಕ್ಷಿ ತೋಟದ ಔಷಧಿ ಅಡಿಕೆ ಮರ ಹತ್ತಿದ್ದು ಹೀಗೆ.

ಅಳತೆ ನಿಮಗೆಲ್ಲ ಬಾಯಿಪಾಠ: ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ, ಸುಣ್ಣದ ತಿಳಿಗೆ ಮೈಲುತುತ್ತಿನ ನೀರನ್ನು ಹೊಯ್ಯುತ್ತಾ ಕಲಕಬೇಕು. ಆಕಾಶನೀಲಿ ಬಣ್ಣದ ಗಸಿ ಹುಟ್ಟುತ್ತದೆ. ಆ ಗಸಿಯೇ ಔಷಧಿ. ನಿಜವಾಗಿ ಅದು ತಾಮ್ರದ ಹಲವು ಪ್ರತ್ಯಾಮ್ಲೀಯ ಲವಣಗಳ ಮಿಶ್ರಣ. ಲೆಕ್ಕಕ್ಕೆ ಸುಲಭವಾಗಲೆಂದು ಅದನ್ನು ತಾಮ್ರದ ಹೈಡ್ರಾಕ್ಸೈಡ್ ಎಂದೇ ಇಟ್ಟುಕೊಳ್ಳೋಣ.

ಮೈಲುತುತ್ತಿನ ಅಣುತೂಕ ಸುಮಾರು 250, ಅರಳಿದ ಸುಣ್ಣದ್ದು 74. ಒಟ್ಟು 324. ಇದರಲ್ಲಿ ನಮಗೆ ಬೇಕಾದ ತಾಮ್ರದ ಹೈಡ್ರಾಕ್ಸೈಡ್ 98ರಷ್ಟು. ಉಳಿದದ್ದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಮ್, ಮತ್ತು ಹರಳಿನೊಳಗೆ ಅಡಗಿದ್ದ ನೀರು. ಭಾಗಿಸಿದರೆ ಶೇಕಡಾ 30. ನೀವು ಎಷ್ಟೇ ಜಾಣತನದಿಂದ ಕಲಕಿ, ಒಂದು ಹನಿಯೂ ಚೆಲ್ಲದೆ ಮಾಡಿ, ಈ 30ನ್ನು ದಾಟಲಾರಿರಿ. ಕ್ರಿಯೆಯ ಜಾತಕದಲ್ಲೇ ಅಷ್ಟು ಬರೆದಿದೆ.

ಇದಕ್ಕೆ ಪರಮಾಣು ಮಿತವ್ಯಯ ಎಂದು ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾರಿ ಟ್ರೋಸ್ಟ್ 1991ರಲ್ಲಿ ಮುಂದಿಟ್ಟ ಕಲ್ಪನೆ. ಒಳಗೆ ಹೋದ ಪರಮಾಣುಗಳಲ್ಲಿ ಎಷ್ಟು ಪಾಲು ಬೇಕಾದ ವಸ್ತುವಿನಲ್ಲಿ ಬಂದು ಕುಳಿತವು ಎಂದು ಅದು ಕೇಳುತ್ತದೆ. ಇದಕ್ಕೆ ತಕ್ಕಡಿಯೂ ಬೇಡ, ಪ್ರಯೋಗಾಲಯವೂ ಬೇಡ. ಸಮೀಕರಣ ಬರೆದ ಕಾಗದವೇ ಸಾಕು. ಅದೇ ಅದರ ಶಕ್ತಿ, ಅದೇ ಅದರ ಮಿತಿ.

ಮಿತಿ ಏನೆಂದು ಪೀಪಾಯಿಯ ಹತ್ತಿರ ಹೋದರೆ ಗೊತ್ತಾಗುತ್ತದೆ. ಸಮೀಕರಣದ ಪ್ರಕಾರ ಒಂದು ಕಿಲೋ ಮೈಲುತುತ್ತಿಗೆ ಬೇಕಾದ ಸುಣ್ಣ ಸುಮಾರು 300 ಗ್ರಾಂ. ನೀವು ಹಾಕುವುದು ಒಂದು ಕಿಲೋ. ಮೂರು ಪಟ್ಟಿಗಿಂತ ಹೆಚ್ಚು! ಕೈಗೆ ಬರುವ ಔಷಧಿ 390 ಗ್ರಾಂ. ಹಾಕಿದ್ದು ಎರಡು ಕಿಲೋ. ಹಾಗಾಗಿ ಶೇಕಡಾ 30 ಇದ್ದದ್ದು ಶೇಕಡಾ 20ಕ್ಕಿಂತ ಕೊಂಚ ಕೆಳಗೆ ಜಾರಿತು. ನೀರನ್ನೂ ಸೇರಿಸಿ ನೋಡಿದರೆ ನೂರಾ ಎರಡು ಕಿಲೋ ಒಳಗೆ, 390 ಗ್ರಾಂ ಹೊರಗೆ. ಶೇಕಡಾ ಅರ್ಧವೂ ಇಲ್ಲ. ಇತ್ತ, ತಾಮ್ರವೊಂದನ್ನೇ ಹಿಡಿದು ಹಳೆಯ ರೀತಿಯಲ್ಲಿ ಇಳುವರಿ ಕೇಳಿದರೆ ನೂರಕ್ಕೆ ನೂರರ ಹತ್ತಿರ. ಒಂದೇ ಪೀಪಾಯಿಗೆ ನಾಲ್ಕು ಅಂಕಪಟ್ಟಿ, ನಾಲ್ಕೂ ಸರಿ.

ಹಾಗಾದರೆ ಆ 700 ಗ್ರಾಂ ಸುಣ್ಣ ದಂಡವೇ? ಇಲ್ಲಿ ಸ್ವಲ್ಪ ನಿಲ್ಲಬೇಕು. ಔಷಧಿ ತಯಾರಾದ ಮೇಲೆ ಕೆಲವರು ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಒಂದು ನಿಮಿಷ ಹಿಡಿಯುತ್ತಾರೆ. ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಸುಣ್ಣಕ್ಕೆ ಸಿಗದೆ ಕರಗಿದ ರೂಪದಲ್ಲೇ ಉಳಿದ ತಾಮ್ರ ಕಬ್ಬಿಣವನ್ನು ಕರಗಿಸಿ ತಾನು ಅದರ ಮೇಲೆ ಕೂರುತ್ತದೆ. ಕೆಂಪು ಕಾಣುವುದು ಆ ತಾಮ್ರವೇ. ಇಂಥ ಬಿಡಿ ತಾಮ್ರ ಎಳೆಯ ಕಾಯಿಗೆ, ಸೋಗೆಗೆ ಬಿದ್ದರೆ ಸುಡುತ್ತದೆ. ಇಷ್ಟು ಸೂಕ್ಷ್ಮವಾದ ಪರೀಕ್ಷೆಗೆ ಬೇಕಾದ ಉಪಕರಣ ಸೊಂಟದಲ್ಲೇ ಇರುತ್ತದೆ ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ.

ಆದರೆ ಸುಣ್ಣ ಮೂರು ಪಟ್ಟು ಇರುವಾಗ ಕತ್ತಿ ಕೆಂಪಾಗುವುದಾದರೂ ಹೇಗೆ? ಸುಣ್ಣ ಹಳತಾಗಿದ್ದರೆ ಆಗುತ್ತದೆ. ಚೀಲ ಬಿಚ್ಚಿಟ್ಟ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮೆಲ್ಲನೆ ಸೀಮೆಸುಣ್ಣದ ವಸ್ತುವಾಗುತ್ತದೆ. ತೂಕ ಇರುತ್ತದೆ, ಕಸುವು ಇರುವುದಿಲ್ಲ. ಹೆಚ್ಚುವರಿ ಸುಣ್ಣ ಎಂದರೆ ಈ ಅನಿಶ್ಚಿತತೆಗೆ ಕಟ್ಟುವ ವಿಮೆ. ಕಸದ ಲೆಕ್ಕ ಹಾಕುವಾಗ ಇದನ್ನು ನೆನಪಿಡಬೇಕು. ಕಾರ್ಖಾನೆಯಲ್ಲೂ ಒಂದು ಪದಾರ್ಥವನ್ನು ಹೆಚ್ಚಾಗಿ ಸುರಿಯುವುದು ದಡ್ಡತನದಿಂದಲ್ಲ. ದುಬಾರಿಯಾದ ಇನ್ನೊಂದು ಪದಾರ್ಥ ಪೂರ್ತಿ ಖರ್ಚಾಗಲಿ, ಅಪಾಯಕಾರಿಯಾದದ್ದು ಉಳಿಯದಿರಲಿ ಎಂದು. ಇಳುವರಿಯ ಹಳೆಯ ಲೆಕ್ಕ ಆ ಉಪಾಯಕ್ಕೆ ಬೆನ್ನು ತಟ್ಟುತ್ತದೆ, ಅದರ ಬೆಲೆಯನ್ನು ಮಾತ್ರ ತೋರಿಸುವುದಿಲ್ಲ.

ಟ್ರೋಸ್ಟ್ ಅವರ ಪ್ರಶ್ನೆ ಎಲ್ಲಿ ಹರಿತವಾಗಿ ನಾಟುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ ಸಾಕು. ಎಥಿಲೀನ್ ಆಕ್ಸೈಡ್ ಎಂಬ ಸರಕನ್ನು ಹಿಂದೆ ಕ್ಲೋರಿನ್ ಮತ್ತು ಸುಣ್ಣ ಬಳಸಿ ಮಾಡುತ್ತಿದ್ದರು. 44 ಗ್ರಾಂ ಸರಕಿಗೆ 111 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 18 ಗ್ರಾಂ ನೀರು. ಮಿತವ್ಯಯ ಶೇಕಡಾ 25. ಕ್ಲೋರಿನ್ ಅಷ್ಟು ಸದ್ದು ಮಾಡಿಕೊಂಡು ಒಳಗೆ ಬಂದು, ಒಂದು ಪರಮಾಣುವನ್ನೂ ಸರಕಿನಲ್ಲಿ ಬಿಡದೆ ಉಪ್ಪಾಗಿ ಹೊರಗೆ ಹೋಗುತ್ತಿತ್ತು. ಬೆಳ್ಳಿಯ ಕ್ರಿಯಾವರ್ಧಕದ ಮೇಲೆ ಎಥಿಲೀನನ್ನೂ ಆಮ್ಲಜನಕವನ್ನೂ ನೇರವಾಗಿ ಕೂಡಿಸುವ ದಾರಿ ಸಿಕ್ಕಮೇಲೆ ಕಾಗದದ ಮೇಲಿನ ಮಿತವ್ಯಯ ಶೇಕಡಾ 100. ಕಾಗದದ ಮೇಲೆ ಎಂದೆ, ಏಕೆಂದರೆ ಒಂದಿಷ್ಟು ಎಥಿಲೀನ್ ಉರಿದು ಇಂಗಾಲದ ಡೈಆಕ್ಸೈಡ್ ಆಗಿಯೇ ಆಗುತ್ತದೆ.

ಇನ್ನೊಂದು, 1979ರಲ್ಲಿ ನೊಬೆಲ್ ಪಡೆದ ವಿಟ್ಟಿಗ್ ಅವರ ಕ್ರಿಯೆ. ಎಂ.ಎಸ್‌ಸಿ.ಯವರು ಪರೀಕ್ಷೆಯಲ್ಲಿ ಪ್ರೀತಿಯಿಂದ ಬರೆಯುವ ಕ್ರಿಯೆ, ನನಗೂ ಪ್ರೀತಿಯದ್ದೇ. ಕಾರ್ಬನ್-ಆಕ್ಸಿಜನ್ ಜೋಡಿಬಂಧದ ಜಾಗದಲ್ಲಿ ಕಾರ್ಬನ್-ಕಾರ್ಬನ್ ಜೋಡಿಬಂಧ ಬೇಕಾದ ಕಡೆಯೇ ಕೂರುತ್ತದೆ. ಆದರೆ 14 ತೂಕದ ಒಂದು ಮೆಥಿಲೀನ್ ಗುಂಪನ್ನು ತಲುಪಿಸಲು ಅದು ಬಿಟ್ಟುಹೋಗುವ ಟ್ರೈಫೀನೈಲ್ ಫಾಸ್ಫೀನ್ ಆಕ್ಸೈಡ್ ತೂಕ 278. ಇಳುವರಿ ಶೇಕಡಾ 95 ಬಂದರೂ ಈ ಅಂಕಗಳು ಅಲುಗುವುದಿಲ್ಲ.

ಈಗ ಕಾಗದ ಬಿಟ್ಟು ಕಾರ್ಖಾನೆಯ ಹಿತ್ತಲಿಗೆ ಹೋಗೋಣ. ಫ್ಲೋರೋಗ್ಲುಸಿನಾಲ್ ಎಂಬ ಸರಕನ್ನು ನೆದರ್ಲೆಂಡ್ಸಿನ ಒಂದು ಕಾರ್ಖಾನೆ 1980ರ ದಶಕದ ತನಕ ತಯಾರಿಸುತ್ತಿತ್ತು. ಮೂಲವಸ್ತು ಯಾವುದು ಗೊತ್ತೇ? ಬಾಂಬಿಗೆ ತುಂಬುವ ಟಿ.ಎನ್.ಟಿ. ಅದನ್ನು ಡೈಕ್ರೋಮೇಟಿನಿಂದ ಉತ್ಕರ್ಷಿಸಿ, ಕಬ್ಬಿಣ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಅಪಕರ್ಷಿಸಿ, ಕಾಯಿಸಿ ಸರಕು ಪಡೆಯುತ್ತಿದ್ದರು. ಹಂತಹಂತದಲ್ಲೂ ಇಳುವರಿ ಚೆನ್ನಾಗಿಯೇ ಇತ್ತು. ಆದರೆ ಒಂದು ಕಿಲೋ ಸರಕಿಗೆ ಕ್ರೋಮಿಯಂ, ಕಬ್ಬಿಣ, ಅಮೋನಿಯಂ ಲವಣಗಳ ಸುಮಾರು 40 ಕಿಲೋ ಘನ ಕಸ! ಕಸ ವಿಲೇವಾರಿಯ ಖರ್ಚು ಸರಕಿನ ಬೆಲೆಗೆ ಸಮಸಮ ಬಂದು ನಿಂತಾಗ ಆ ಉತ್ಪಾದನೆ ನಿಂತಿತು. ಲೆಕ್ಕಪತ್ರದವರು ಕಂಡುಹಿಡಿದದ್ದನ್ನು ರಸಾಯನ ವಿಜ್ಞಾನಿಗಳು ಆಮೇಲೆ ಕಂಡುಹಿಡಿದರು ಎನ್ನಬೇಕು.

ಆ ಉದ್ಯಮವನ್ನು ಒಳಗಿನಿಂದ ಬಲ್ಲ ರೋಜರ್ ಶೆಲ್ಡನ್ 1992ರಲ್ಲಿ ಇ-ಫ್ಯಾಕ್ಟರ್ ಎಂಬ ಅಳತೆಯನ್ನು ಪ್ರಕಟಿಸಿದರು. ಇದರಲ್ಲಿ ಪಾಂಡಿತ್ಯ ಏನೂ ಇಲ್ಲ: ಒಂದು ಕಿಲೋ ಸರಕಿಗೆ ಎಷ್ಟು ಕಿಲೋ ಕಸ? ಸೊನ್ನೆ ಬಂದರೆ ಉತ್ತಮ. "ಹೊಳೆಗೆ ಸುರಿದರೂ ಅಳೆದು ಸುರಿ" ಎಂಬ ನಮ್ಮ ಗಾದೆಯನ್ನು ಅಕ್ಷರಶಃ ಪಾಲಿಸಿದ ಮನುಷ್ಯ ಎಂದು ನಾನು ಅವರನ್ನು ತಮಾಷೆಗೆ ಕರೆಯುವುದುಂಟು. ಅವರು ಕೊಟ್ಟ ಪಟ್ಟಿ ಮಾತ್ರ ತಮಾಷೆಯದ್ದಲ್ಲ. ಪೆಟ್ರೋಲಿಯಂ ಸಂಸ್ಕರಣೆಯಲ್ಲಿ 0.1ಕ್ಕಿಂತ ಕಡಿಮೆ. ದೊಡ್ಡ ಪ್ರಮಾಣದ ರಾಸಾಯನಿಕಗಳಲ್ಲಿ 1ರಿಂದ 5ರ ಒಳಗೆ. ಬಣ್ಣ, ಸುಗಂಧ ಮುಂತಾದ ಸೂಕ್ಷ್ಮ ರಾಸಾಯನಿಕಗಳಲ್ಲಿ 5ರಿಂದ 50. ಔಷಧ ತಯಾರಿಕೆಯಲ್ಲಿ 25ರಿಂದ 100, ಅದಕ್ಕೂ ಮೇಲೆ.

ಹೊಗೆ ಕಾರುವ ಎಣ್ಣೆ ಕಾರ್ಖಾನೆ ಪಟ್ಟಿಯ ತಲೆಯಲ್ಲಿ, ಬಿಳಿ ಕೋಟಿನ ಔಷಧ ಕಂಪನಿ ತಳದಲ್ಲಿ. ಕಾರಣ ಊಹಿಸಬಹುದು. ಔಷಧದ ಅಣುವಿಗೆ ಏಳೆಂಟು ಹಂತ ಬೇಕು. ಪ್ರತಿ ಹಂತದಲ್ಲೂ ಶೇಕಡಾ 90 ಬಂದರೂ ಆರು ಹಂತ ದಾಟುವಷ್ಟರಲ್ಲಿ ಉಳಿಯುವುದು 53, ಹತ್ತಕ್ಕೆ 35. ಸಾಲದ್ದಕ್ಕೆ ಕಂಪನಿಗೆ ಅವಸರ; ಮಾತ್ರೆ ಮೊದಲು ಮಾರುಕಟ್ಟೆಗೆ ಬರಲಿ, ದಾರಿ ಆಮೇಲೆ ನೇರ ಮಾಡೋಣ ಎಂಬ ಧೋರಣೆ. ಆದರೂ ಎಣ್ಣೆಯವರು ಬೀಗಬೇಕಾಗಿಲ್ಲ. ಕೋಟಿಗಟ್ಟಲೆ ಟನ್ನಿಗೆ 0.1 ಎಂದರೆ ಹತ್ತಾರು ಲಕ್ಷ ಟನ್ ಕಸ. ಮತ್ತು ಅವರ ಸರಕು ನಮ್ಮ ವಾಹನದಲ್ಲಿ ಉರಿದು ಹೊಗೆಯಾಗುವುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ದಾರಿ ನೇರ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಐಬುಪ್ರೊಫೇನ್ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. 1960ರ ದಶಕದ ದಾರಿಯಲ್ಲಿ ಆರು ಹಂತ, ಮಿತವ್ಯಯ ಶೇಕಡಾ 40. 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಹೊಸ ಕಾರ್ಖಾನೆಯಲ್ಲಿ ಮೂರೇ ಹಂತ, ಶೇಕಡಾ 77. ಒಳಗೆ ಹೋಗುವುದರ ಒಟ್ಟು ತೂಕ 266, ಸರಕು 206, ಉಳಿದ 60 ಅಸಿಟಿಕ್ ಆಮ್ಲ. ಅದನ್ನು ಹಿಡಿದು ಮಾರಿದರೆ ಕಸವೇ ಇಲ್ಲದಂತೆ. ಆಗ 99 ಎನ್ನುತ್ತಾರೆ. ಈ ವಿಧಾನಕ್ಕೆ 1997ರಲ್ಲಿ ಅಮೆರಿಕದ ಅಧ್ಯಕ್ಷರ ಹಸಿರು ರಸಾಯನ ಪ್ರಶಸ್ತಿಯೂ ಬಂತು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮೊದಲ ಹಂತದ ಕ್ರಿಯಾವರ್ಧಕ ಹೈಡ್ರೋಜನ್ ಫ್ಲೋರೈಡ್ ಎಂಬುದನ್ನೂ ಹೇಳಬೇಕಲ್ಲವೇ? ಚರ್ಮ ದಾಟಿ ಮೂಳೆಯ ತನಕ ಇಳಿಯುವ ವಿಷ ಅದು. ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ, ನಿಜ. ಆದರೆ ಅಪಾಯ ಅಳೆಯುವ ಮನೆ ಈ ಲೆಕ್ಕದಲ್ಲಿ ಇಲ್ಲ. ಒಂದು ಕಿಲೋ ಅಡುಗೆ ಉಪ್ಪೂ ಒಂದು ಕಿಲೋ ಕ್ರೋಮಿಯಂ ಲವಣವೂ ಅದಕ್ಕೆ ಒಂದೇ. ಕಸದ ತೂಕವನ್ನು ಅದರ ಕೆಡುಕಿನ ಅಂಕದಿಂದ ಗುಣಿಸಬೇಕೆಂದು ಶೆಲ್ಡನ್ ಅವರೇ ಸೂಚಿಸಿದರು. ಕೆಡುಕಿಗೆ ಅಂಕ ಕೊಡುವವರು ಯಾರು ಎಂಬಲ್ಲಿಗೆ ಆ ಮಾತು ಸಿಕ್ಕಿಕೊಳ್ಳುತ್ತದೆ.

ಇನ್ನು ದ್ರಾವಕ. ಔಷಧ ಕಾರ್ಖಾನೆಯ ಒಳಗೆ ಹೋಗುವ ತೂಕದಲ್ಲಿ ಸಿಂಹಪಾಲು ಕ್ರಿಯೆಯಲ್ಲಿ ಭಾಗವಹಿಸದ ದ್ರಾವಕದ್ದೇ: ಕರಗಿಸಲು, ತೊಳೆಯಲು, ಹರಳುಗಟ್ಟಿಸಲು. ಸಮೀಕರಣದಲ್ಲಿ ಅದರ ಹೆಸರೇ ಇರುವುದಿಲ್ಲವಾದ್ದರಿಂದ ಪರಮಾಣು ಮಿತವ್ಯಯಕ್ಕೆ ಅದು ಕಾಣುವುದಿಲ್ಲ. ಅಡಿಕೆ ಬೇಯಿಸುವವರಿಗೆ ಇದರ ಮರ್ಮ ಗೊತ್ತು. ಬೇಯಿಸಿದ ನೀರನ್ನು, ಅಂದರೆ ಚೊಗರನ್ನು, ಯಾರೂ ಚರಂಡಿಗೆ ಚೆಲ್ಲುವುದಿಲ್ಲ. ಮುಂದಿನ ಹಂಡೆಗೆ ಅದೇ ಬೇಕು, ಬಣ್ಣ ಕಟ್ಟುವುದೇ ಅದರಿಂದ. ಸಿಲ್ಡೆನಾಫಿಲ್ ಎಂಬ ಔಷಧದ ತಯಾರಿಕೆಯಲ್ಲಿ ಮೊದಲು ಕಿಲೋಗೆ ನೂರರ ಮೇಲಿದ್ದ ಕಸ ಕೊನೆಯ ವಿಧಾನದಲ್ಲಿ ಹತ್ತಕ್ಕಿಂತ ಕೆಳಗೆ ಇಳಿದದ್ದು ಬಹುಪಾಲು ಹೀಗೆಯೇ: ದ್ರಾವಕವನ್ನು ಕಡಿಮೆ ಮಾಡಿ, ಬಳಸಿದ್ದನ್ನು ಹಿಂದಕ್ಕೆ ತಂದು.

ನೀರಿನ ಮಾತು ಬೇರೆ. ಶೆಲ್ಡನ್ ಮೊದಲಿಗೆ ನೀರನ್ನು ಲೆಕ್ಕದಿಂದ ಹೊರಗಿಟ್ಟರು. ಸೇರಿಸಿದರೆ ಬೇರೆಲ್ಲ ವ್ಯತ್ಯಾಸ ಅದರಲ್ಲಿ ಮುಳುಗಿಹೋಗುತ್ತದೆ ಎಂಬುದು ಕಾರಣ. ಬೋರ್ಡೋದಲ್ಲಿ ಅದನ್ನೇ ನೋಡಿದೆವು: ನೀರಿಲ್ಲದೆ ಇ-ಫ್ಯಾಕ್ಟರ್ 4, ನೀರು ಸೇರಿಸಿದರೆ 260. ಈಗ ಔಷಧ ಕಂಪನಿಗಳು ಒಳಗೆ ಹೋದ ಎಲ್ಲವನ್ನೂ ಸರಕಿನ ತೂಕದಿಂದ ಭಾಗಿಸುವ ಅಳತೆಯನ್ನು ಬಳಸುತ್ತವೆ. ಅದು ಇ-ಫ್ಯಾಕ್ಟರಿಗೆ ಒಂದು ಕೂಡಿಸಿದಷ್ಟೇ. ಜುಲೈ ತಿಂಗಳ ಆಗುಂಬೆಯಲ್ಲಿ ಕುಳಿತವನಿಗೆ ನೀರನ್ನು ಬಿಡುವುದು ಸರಿ ಎನಿಸೀತು. ಅದೇ ತುಂಗೆ ಮುಂದೆ ಬಯಲುಸೀಮೆಗೆ ಇಳಿದಾಗ ದಡದಲ್ಲಿ ಬಿಂದಿಗೆ ಹಿಡಿದು ನಿಂತವರನ್ನು ಕೇಳಿ ನೋಡಿ.

ಭದ್ರಾವತಿಯ ಹೆಸರು ಎತ್ತದೆ ಇಲ್ಲಿಂದ ಎದ್ದುಹೋಗುವಂತಿಲ್ಲ. 1923ರಲ್ಲಿ ಅಲ್ಲಿನ ಕುಲುಮೆ ಕಬ್ಬಿಣ ಕೊಡಲು ಶುರುಮಾಡಿದಾಗ ಅದಕ್ಕೆ ಹಾಕುತ್ತಿದ್ದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಿಲು. ಮರವನ್ನು ಗಾಳಿಯಿಲ್ಲದೆ ಕಾಯಿಸಿ ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ಬಿಟ್ಟುಬಿಡಲಿಲ್ಲ. ತಣಿಸಿ ಕ್ಯಾಲ್ಸಿಯಂ ಅಸಿಟೇಟ್, ಮೆಥನಾಲ್, ಡಾಂಬರು ಪಡೆದರು. ನೂರು ವರ್ಷದ ಹಿಂದೆ ಹೊಗೆಯನ್ನೂ ಸರಕಿನ ಸಾಲಿಗೆ ಸೇರಿಸಿದ ಆ ಯೋಜನೆಯ ಬಗ್ಗೆ ನನಗೆ ಗೌರವವಿದೆ. ಅದಿರಿನಿಂದ ಆಮ್ಲಜನಕ ಕಳೆಯುವ ಕ್ರಿಯೆ ಮಾತ್ರ ಯಾರ ಜಾಣತನಕ್ಕೂ ಬಗ್ಗದು: 112 ಗ್ರಾಂ ಕಬ್ಬಿಣಕ್ಕೆ ಕಡಿಮೆಯೆಂದರೂ 66 ಗ್ರಾಂ ಇಂಗಾಲದ ಡೈಆಕ್ಸೈಡ್. ಮರ ಮತ್ತೆ ಬೆಳೆದರೆ ಅದು ಹಿಂದಕ್ಕೆ ಹೋಗುತ್ತದೆ ಎನ್ನಬಹುದು. ಬೆಳೆದದ್ದು ಮೊದಲಿನ ಕಾಡೇ ಎಂದು ಮಾತ್ರ ಹೇಳುವಂತಿಲ್ಲ. ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನು ನಾವೆಲ್ಲ ಕಂಡಿದ್ದೇವೆ. ಕುದುರೆಮುಖದ ಲಕ್ಯಾ ಅಣೆಕಟ್ಟೆಯನ್ನೂ ನೆನೆಯಿರಿ. ಅದನ್ನು ಕಟ್ಟಿದ್ದು ನೀರಾವರಿಗಲ್ಲ, ಅದಿರು ತೊಳೆದ ಕೆಸರನ್ನು ತಡೆಹಿಡಿಯಲು. ಗಣಿಗಾರಿಕೆ 2005ರ ಕೊನೆಗೆ ನಿಂತಿತು; ಕೆಸರು ಅಲ್ಲೇ ಇದೆ. ಛೇದದಿಂದ ಬಿಟ್ಟದ್ದು ಲೋಕದಿಂದ ಬಿಟ್ಟುಹೋಗುವುದಿಲ್ಲವಲ್ಲ.

ಉಪನ್ಯಾಸದ ನಂತರ ಪ್ರಶ್ನೆಗಳು ಬಂದವು. ರೆಕಾರ್ಡಿನಲ್ಲಿ ಯಾವ ಅಂಕ ಬರೆಯಬೇಕು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಳುವರಿಯನ್ನೇ ಬರೆಯಮ್ಮ, ಪರೀಕ್ಷಕರು ಕೇಳುವುದು ಅದನ್ನೇ. ಕೆಳಗೆ ಇನ್ನೊಂದು ಸಾಲಿನಲ್ಲಿ ಒಳಗೆ ಹಾಕಿದ ಎಲ್ಲದರ ತೂಕವನ್ನೂ, ತೊಳೆದ ನೀರನ್ನು ಸಹ, ಬರೆದಿಡು ಎಂದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯ ಬೆಳೆಗಾರರೊಬ್ಬರು ಎದ್ದು, "ಸ್ವಾಮಿ, ಹಾಗಾದರೆ ನಾವು ಸುಣ್ಣ ಕಡಿಮೆ ಮಾಡಬಹುದೋ?" ಎಂದರು. ನನ್ನ ಹಲಗೆಯ ಲೆಕ್ಕ ನಂಬಿ ಖಂಡಿತ ಮಾಡಬೇಡಿ ಎಂದೆ. ಸುಣ್ಣ ತಾಜಾ ಇದೆಯೇ ನೋಡಿ, ಕತ್ತಿ ಅದ್ದಿ ನೋಡಿ, ಅಳತೆ ಬದಲಿಸುವುದಾದರೆ ತೋಟಗಾರಿಕೆಯವರನ್ನು ಕೇಳಿ. ಆದರೆ ಅವರ ಪ್ರಶ್ನೆಯಿಂದ ನಾನು ಉಪನ್ಯಾಸದಲ್ಲಿ ಮುಟ್ಟದ ಒಂದು ವಿಷಯ ಎದ್ದಿತು. ಸುಣ್ಣ, ಜಿಪ್ಸಮ್‌ಗಳಿಂದ ತೋಟಕ್ಕೆ ದೊಡ್ಡ ತೊಂದರೆಯಿಲ್ಲ; ಲೆಕ್ಕದಲ್ಲಿ ಕಸ ಎನಿಸಿಕೊಂಡದ್ದು ಅವು. ಸರಕು ಎನಿಸಿಕೊಂಡದ್ದು ತಾಮ್ರ, ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ. ಮಳೆಗೆ ತೊಳೆದು ಅದು ಬುಡಕ್ಕೆ ಇಳಿದಮೇಲೆ ಕೊಳೆಯುವುದೂ ಇಲ್ಲ, ಆವಿಯಾಗುವುದೂ ಇಲ್ಲ. ಬಹುಪಾಲು ಮಣ್ಣಿನ ಮೇಲುಪದರದಲ್ಲೇ ಕೂರುತ್ತದೆ. ವರ್ಷಗಟ್ಟಲೆ ಬೋರ್ಡೋ ಹೊಡೆದ ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಇದೇ ಈಗ ತಲೆನೋವು. ಇ-ಫ್ಯಾಕ್ಟರ್ ಪೀಪಾಯಿಯ ಬಾಯಲ್ಲೇ ನಿಲ್ಲುತ್ತದೆ. ಸರಕು ಮುಂದೆ ಏನಾಗುತ್ತದೆ ಎಂದು ನೋಡುವುದಿಲ್ಲ.

"ಎಕರೆಗೆ ಎಷ್ಟು ಲೀಟರ್ ಹೊಡೆಯುತ್ತೀರಿ?" ಎಂದು ನಾನೇ ತಿರುಗಿ ಕೇಳಿದೆ. ಆ ಒಂದು ಅಂಕ ಸಿಕ್ಕಿದರೆ ವರ್ಷಕ್ಕೆ ಬೀಳುವ ತಾಮ್ರವನ್ನು ಅಲ್ಲೇ ಗುಣಿಸಿ ಹೇಳಬಹುದಿತ್ತು. ಒಬ್ಬೊಬ್ಬರದೂ ಒಂದೊಂದು ಉತ್ತರ ಬಂತು. ಮರದ ಎತ್ತರ, ಕೊನೆಗಾರನ ಕೈ, ಆ ವರ್ಷದ ಮಳೆ ಎಂದೆಲ್ಲ ವಾದ ಬೆಳೆದು, ಮಾತು ಔಷಧಿ ಹೊಡೆಯುವವರು ಸಿಗದಿರುವ ಕಷ್ಟದ ಕಡೆಗೆ ಹೊರಳಿತು. ಸಂಘಟಕರು ಕಾಫಿಗೆ ಕರೆದದ್ದು ಆಗಲೇ.